ಆನೆ ರಜೆ

ಮೊದಲು ಜೀಪು. ಮಂಜಿನಲ್ಲಿ ಜೀಪು ಕಾಣಲಿಲ್ಲ, ಮೈಕು ಮಾತ್ರ ಬಂತು:
ಬಿಕ್ಕೋಡಿನ ಕಡೆ ಹದಿನೇಳು ಆನೆ, ಮರಿ ಎರಡು,
ಯಾರೂ ತೋಟಕ್ಕೆ ಇಳಿಯಬೇಡಿ.
ಆಮೇಲೆ ಮೇಷ್ಟ್ರ ದನಿ ಮೊಬೈಲಿನಲ್ಲಿ, ಕೆಮ್ಮಿನ ಸಮೇತ:
ಶಾಲೆಗೆ ರಜೆ. ಎಷ್ಟು ದಿನ ಅಂತ ಆನೆ ಹೇಳಿಲ್ಲ.
ಮೂರನೇ ಕ್ಲಾಸಿಗೆ ಮಗ್ಗಿ, ಒಂದನೇ ಕ್ಲಾಸಿಗೆ ಸ್ವರ.
ತಾಯಂದಿರು ದಯವಿಟ್ಟು ಕೂರಿಸಿಕೊಳ್ಳಿ.

ದಯವಿಟ್ಟು ಅಂದರಲ್ಲ, ಕೂರಿಸಿಕೊಂಡೆ.
ನನಗೂ ಕೆಲಸವಿಲ್ಲ, ಕೂಲಿಯಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತಿದೆ.
ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾಲ್ಕು ಅಂಕಕ್ಕೆ ಬಿದ್ದವಳು
ಗಂಡನ ಸ್ವೆಟರು ತೊಟ್ಟು ಮೇಷ್ಟ್ರಾದೆ.

ಬಿಸಿಲು ಬರುವುದು ಹತ್ತೂವರೆಗೆ,
ಅದೂ ಬಾಗಿಲ ಬಳಿ ಒಂದು ಚಾಪೆಯಷ್ಟು.
ಅದು ಸರಿದಂತೆ ತರಗತಿಯೂ ಸರಿಯಿತು,
ಮಧ್ಯಾಹ್ನಕ್ಕೆ ನಾವು ಬಚ್ಚಲ ಪಕ್ಕ ಇದ್ದೆವು.

ಲಿಖಿತಳಿಗೆ ಲೆಕ್ಕ: ಹದಿನೇಳು ಆನೆಗೆ ಕಾಲೆಷ್ಟು?
ಅವರೆಕಾಳನ್ನು ನಾಲ್ಕು ನಾಲ್ಕಾಗಿ ಗುಡ್ಡೆ ಹಾಕುತ್ತಾ ಕೇಳಿದಳು,
ಮರಿ ಸೇರಿಸಿಯೋ, ಬಿಟ್ಟೋ?
ಒಂದು ಕುಂಟುತ್ತದಂತೆ, ಅದರದ್ದು ಮೂರೇ ಹಿಡಿಯಲೋ?
ಆ ನಾಲ್ಕು ಅಂಕ ಎಲ್ಲಿ ಹೋಯಿತೆಂದು ನನಗೆ ಆಗ ತಿಳಿಯಿತು.
ನಾನು ಯಾರನ್ನೂ ಏನೂ ಕೇಳಿರಲಿಲ್ಲ.
ಸಂಜೆ ಅರವತ್ತೆಂಟು ಕಾಲುಗಳನ್ನೂ ನೆನೆಹಾಕಿ
ಹಿಚುಕಿ ಸಾರು ಮಾಡಿದೆ.

ಕುಶಾಲನ ತಕರಾರು ಬೇರೆ.
ಅ ಬರೆದ. ಇ ಬರೆದ. ನಡುವಿನದು ಬರೆಯಲೊಲ್ಲ.
ಪುಸ್ತಕದಲ್ಲಿ ಆ ಪಕ್ಕ ಸೊಂಡಿಲೆತ್ತಿ ನಿಂತಿದೆಯಲ್ಲ,
ಬರೆದ್ರೆ ಬತ್ತದೆ, ಅಂದ.
ಮೊನ್ನೆ ರಾತ್ರಿ ಹಿತ್ತಲ ಬಾಳೆ ಮುರಿದ ಸದ್ದು
ನನ್ನ ಸೆರಗು ಕಚ್ಚಿಕೊಂಡು ಅವನೂ ಕೇಳಿದ್ದ.
ಹೊಡೆಯಲಿಲ್ಲ. ಹಾರಿಸಿ ಮುಂದೆ ಹೋದೆ.
ಒಂದಿಡೀ ದಿನ ನಮ್ಮ ಮನೆಯಲ್ಲಿ ಆ ಇರಲಿಲ್ಲ.
ಆಟ ಇಲ್ಲ, ಆಕಾಶ ಇಲ್ಲ,
ಆಯ್ತು ಅನ್ನಲಿಕ್ಕೂ ಇಲ್ಲ.

ಎರಡನೆಯ ದಿನ ಹೊಸಿಲಾಚೆ ಜಹನಾರಾ ಕೂತಿದ್ದಳು,
ಪಕ್ಕದ ಲೈನಿನ ಅಸ್ಸಾಮಿನವರ ಹುಡುಗಿ, ಏಳೋ ಎಂಟೋ,
ಸೊಂಟದ ಮೇಲೆ ಸಿಂಬಳದ ತಮ್ಮ.
ಬಾ, ಬೇಡ, ಎಷ್ಟು: ಇಷ್ಟೇ ಅವಳ ಕನ್ನಡ.
ಅವಳಿಗೆ ಇವತ್ತು ರಜೆ ಅಲ್ಲ.
ರಜೆ ಇರಬೇಕಾದರೆ ಮೊದಲು ಶಾಲೆ ಇರಬೇಕು.

ಚಿತ್ರ ನೋಡಿ, ಹಾತಿ, ಅಂದಳು. ನಕ್ಕಳು.
ಊರಲ್ಲೂ ಇದೆ ಅನ್ನುವಂತೆ ದೂರಕ್ಕೆ ಕೈ ಬೀಸಿದಳು.
ಒಲೆಯ ಇದ್ದಿಲು ಎತ್ತಿಕೊಂಡು ಹೊಸಿಲ ಕೆಳಗೆ
ಸೊಂಡಿಲಿನ ಕಡೆಯಿಂದ ಶುರುಮಾಡಿ, ಹಿಂದುಮುಂದಾಗಿ,
ತಮ್ಮನಷ್ಟು ದೊಡ್ಡ ಆ ಒಂದನ್ನು ಬರೆದಳು.

ಕುಶಾಲ ಉಸಿರು ಹಿಡಿದು ಹೊರಗೆ ನೋಡಿದ.
ಮಂಜು. ಮಂಜಿನೊಳಗೆ ಕೋಳಿ ಕೆದಕುವ ಸದ್ದು.
ಏನೂ ಬರಲಿಲ್ಲ.
ಸುಮಾರು ಹೊತ್ತಿನ ಮೇಲೆ, ಅಮ್ಮಾ, ಅವಳದ್ದು ತಪ್ಪು, ಅಂದವನೇ
ಇದ್ದಿಲು ಕಿತ್ತುಕೊಂಡು
ಪಕ್ಕದಲ್ಲಿ ಸರಿಯಾದ್ದನ್ನು ಬರೆದು ತೋರಿಸಿದ.

ಐದನೆಯ ದಿನ ಆನೆಗಳು ಆಲೂರಿನ ಕಡೆ ಇಳಿದವಂತೆ.
ಬೆಳಗ್ಗೆ ಗಂಟೆ ಕೇಳಿಸಿತು. ಇಬ್ಬರೂ ಟೋಪಿ ತೊಟ್ಟು ಓಡಿದರು,
ಮಗ್ಗಿ ದಾರಿಯುದ್ದಕ್ಕೂ ಚೆಲ್ಲುತ್ತಾ.
ನಾನು ಚೀಲ ಕಟ್ಟಿ ಬಾಗಿಲು ಎಳೆದುಕೊಂಡರೆ
ಹೊಸಿಲ ಮೇಲೆ ಅವಳು, ತಮ್ಮ, ಇದ್ದಿಲು.
ನೆಲದಲ್ಲಿ ಒ ವರೆಗೆ ಬಂದಿದ್ದಳು.
ಮುಂದಿನ ಖಾಲಿ ಜಾಗದಲ್ಲಿ ಬೆರಳಿಟ್ಟು
ಗೊತ್ತಿದ್ದ ಮಾತಿನಲ್ಲೇ ಕೇಳಿದಳು: ಎಷ್ಟು?

ಹೇಳೋಣವೆಂದರೆ ರೈಟರು ಪಟ್ಟಿ ಹಿಡಿದು ನಿಂತಾಗಿತ್ತು.
ಇಂದ್ರಾಣೀ!
ಓ, ಅಂದೆ.
ಓ, ಅಂದಳು ಅವಳೂ.